ಕರಗದ ಎತ್ತು

ಗಡಿಯಾಚೆಯ ಜತ್ತದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು. ನಾಡಿದ್ದು ಮಣ್ಣೆತ್ತಿನ ಅಮಾವಾಸ್ಯೆ. ಎದುರಿನ ತಳ್ಳುಗಾಡಿಯ ತುಂಬ ಪ್ಲಾಸ್ಟರಿನ ಎತ್ತುಗಳು. ಮೈಗೆ ಬಂಗಾರದ ಪೇಂಟು, ಕೊಂಬಿಗೆ ಗುಲಾಬಿ ಚಮಕಿ. "ನೀರಾಗ ಹಾಕಿದ್ರೂ ಕರಗಂಗಿಲ್ರಿ, ಹತ್ತ ವರ್ಷ ಇರತಾವ!" ಎಂದು ಮಾರುವವ ಹೆಮ್ಮೆಯಿಂದ ಹೇಳಿದ. ಹಸಿಮಣ್ಣಿನ ಜೋಡೆತ್ತು ಪೂಜಿಸಿ ಮರುದಿನ ನೀರಿಗೆ ಬಿಡುವ ಹಬ್ಬಕ್ಕೆ ಕರಗದ ಎತ್ತು! ಜಗಳಕ್ಕೇ ನಿಂತಿದ್ದೆ, ಅಷ್ಟರಲ್ಲಿ ಸಂಖಕ್ಕೆ ಹೋಗುವ ಎಸ್‌ಟಿ ಬಸ್ಸು ಬಂತು. ವಿಜಯಪುರ ಬಿಟ್ಟಾಗಿನಿಂದ ಚಹಾ ಕುಡಿದಿರಲಿಲ್ಲ. ಆ ಸಿಟ್ಟೂ ಸೇರಿರಬಹುದು.

ಸಂಖದಲ್ಲಿ ಉಟಗಿಯ ಜೀಪು ಹತ್ತಿದೆ. ಮೂವತ್ತು ರೂಪಾಯಿ, ಒಳಗೆ ಹದಿನಾಲ್ಕು ಮಂದಿ, ನನ್ನ ತೊಡೆಯ ಮೇಲೆ ಯಾರದೋ ಕುರಿಮರಿ. ಹಿಂದಿನ ದಿನ ಮಳೆ ಬಿದ್ದಿತ್ತು. ಬಿತ್ತನೆಗೆ ಹರಗಿದ ಎರೆಹೊಲದ ಕಪ್ಪು ಒಂದೇ ಕಪ್ಪಲ್ಲ: ಹಸಿ ಇದ್ದಲ್ಲಿ ನೇರಳೆ, ಆರಿದಲ್ಲಿ ಬೂದಿ. ಇಪ್ಪತ್ತು ವರ್ಷ ಚಿತ್ರ ಬರೆದರೂ ಅದು ನನ್ನ ಕುಂಚಕ್ಕೆ ಪೂರ್ತಿ ಸಿಕ್ಕಿಲ್ಲ. ಅದಕ್ಕೇ ಪ್ರತಿವರ್ಷ ಬರುತ್ತೇನೆ, ಡಬ್ಬಿಯಲ್ಲಿ ಇಲ್ಲಿಯ ಮಣ್ಣು ಒಯ್ದು ಬಣ್ಣ ಅರೆಯುತ್ತೇನೆ. ಈ ಸಲ ಇನ್ನೊಂದು ಕೆಲಸವಿತ್ತು. ಉಟಗಿಯ ಕುಂಬಾರ ಶಾಂತವ್ವನ ಎತ್ತುಗಳಿಗೆ ಸಾಂಗಲಿಯ ಕಲಾ ಪ್ರದರ್ಶನವೊಂದರಲ್ಲಿ, ನನ್ನ ಚಿತ್ರಗಳ ಪಕ್ಕದಲ್ಲೇ, ಜಾಗ ಕೊಡಿಸಿದ್ದೆ.

"ಬರ್ರಿ ಸರ್, ಕುಂದ್ರಿ. ನನ್ನ ಕೈ ಕೆಸರಾಗ್ಯಾವ. ಬುಟ್ಟ್ಯಾಗ ರೊಟ್ಟಿ ಅದಾವ, ಶೇಂಗಾ ಹಿಂಡಿ ಹಚ್ಚಿಕೊಂಡ ತಿನ್ರಿ," ಅಂದಳು ಶಾಂತವ್ವ. ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಎತ್ತಿನ ಹೆಗಲ ಮೇಲೆ ಇಣಿ ಉಬ್ಬಿ ಏಳುತ್ತಿತ್ತು, ಎರಡು ಜೋಳದ ಕಾಳು ಚುಚ್ಚಿದರೆ ಕಣ್ಣು.

ನಾನು ತಿನ್ನುತ್ತಿದ್ದಾಗಲೇ ಪ್ರದರ್ಶನದ ಸಂಘಟಕರ ಫೋನು ಬಂತು. ಹಸಿಮಣ್ಣು ಬಿರುಕು ಬಿಡುತ್ತದಂತೆ. ಎತ್ತುಗಳನ್ನು ಸುಟ್ಟು, ಬಣ್ಣ ಬಳಿದು ಕಳಿಸಬೇಕಂತೆ. ಬಾಯಿಗೆ ಬಂದಂತೆ ಬೈದೆ. ಜನ್ಮದಲ್ಲಿ ಮಣ್ಣು ತುಳಿಯದವರು ಕುಂಬಾರಗಿತ್ತಿಗೆ ಪಾಠ ಹೇಳುವುದೇ?

"ಸುಟ್ಟದ್ದು ಗಡಿಗಿ ಆಗತೈತಿ, ಎತ್ತ ಆಗೂದಿಲ್ರಿ," ಅಂದಳು ಶಾಂತವ್ವ. "ಕರಗಿ ಮಣ್ಣ ಸೇರಬೇಕು, ಬರೂ ವರ್ಷ ಮತ್ತ ಎದ್ದ ಬರಬೇಕು. ಅಲ್ರೀ, ಹ್ವಾದ ವರ್ಷ ನಿಮಗೊಂದ ಜೋಡಿ ಕೊಟ್ಟಿದ್ನಲ್ಲಾ, ಎಲ್ಲಿ ಬಿಟ್ರಿ?"

ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. "ಬಿಟ್ಟಿಲ್ಲವ್ವಾ. ಕೆಡಬಾರದಂತ ಮೂರು ಕೋಟ್ ವಾರ್ನಿಶ್ ಹೊಡದು ಮೇಜಿನ ಮ್ಯಾಲ ಇಟ್ಟೀನಿ."

"ಮತ್ತ ಅವರಿಗ್ಯಾಕ ಬೈದ್ರಿ?"

ಅವಳೇ ದಾರಿ ಹೇಳಿದಳು: "ನಾನ ಸಾಂಗ್ಲಿಗಿ ಬರತೀನಿ. ಮಂದಿ ಮುಂದ ಮಾಡತೀನಿ, ಕಡೀ ದಿನ ಹೊಳಿಗಿ ಬಿಡತೀನಿ. ಕೇಳ್ರಿ."

ಸಂಘಟಕರಿಗೆ ಫೋನು ಹಚ್ಚಿ ಕೇಳಿದೆ. ನೆಲ ಕೆಸರಾಗುತ್ತದೆ, ಆಗುವುದಿಲ್ಲ ಅಂದರು. ಇದೇ ಮಣ್ಣು ನನ್ನ ಚಿತ್ರದಲ್ಲಿ ಗಾಜಿನ ಹಿಂದೆ ಕೂತರೆ ಕಲೆ, ಅವಳ ಕೈಯಲ್ಲಿದ್ದರೆ ಕೆಸರು! ಹಾಗಾದರೆ ನನ್ನ ಚಿತ್ರಗಳೂ ಬರುವುದಿಲ್ಲ ಎಂದು ಫೋನು ಇಟ್ಟೆ. ಶಾಂತವ್ವ ನನ್ನನ್ನೇನೂ ಹೊಗಳಲಿಲ್ಲ. "ಆತ ಬಿಡ್ರಿ, ಊರಾಗಿನ ಮನಿಗೋಳಿಗಿ ಇನ್ನೂ ಭಾಳ ಬೇಕಾಗ್ಯಾವ," ಎಂದು ಇನ್ನೊಂದು ಮುದ್ದೆ ಮಣ್ಣು ಎತ್ತಿಕೊಂಡಳು.

ವಿಜಯಪುರಕ್ಕೆ ಮರಳಿ, ಅಮಾವಾಸ್ಯೆಯ ಮರುದಿನ, ಮೇಜಿನ ಮೇಲಿನ ಆ ಜೋಡಿಯನ್ನು ಬಕೆಟ್ ನೀರಿಗೆ ಬಿಟ್ಟೆ. ಸಂಜೆ ಹೋಗಿ ನೋಡಿದರೆ ನೀರು ತಿಳಿಯಾಗಿಯೇ ಇತ್ತು. ತಳದಲ್ಲಿ ಎರಡೂ ಎತ್ತು ಜೋಳದ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದವು.