ನೀರಿನ ದಾರಿಯ ಷರಾ

ಓದುಗರಲ್ಲಿ ವಿನಯಪೂರ್ವಕ ಅರಿಕೆ ಏನೆಂದರೆ, ಮಹಾಯುದ್ಧ ಇನ್ನೂ ಮುಗಿಯದಿದ್ದ ಒಂದು ಬೇಸಿಗೆಯಲ್ಲಿ ನಾನು ಪುಣೆಯ ಅರಣ್ಯ ಕಚೇರಿಯಲ್ಲಿ ನಕಲು ಗುಮಾಸ್ತನಾಗಿದ್ದೆ. ಧಾರವಾಡದಿಂದ ಬಂದು ವರ್ಷ ತುಂಬಿರಲಿಲ್ಲ. ನೌಕರಿ ಕಾಯಂ ಆಗಿರಲಿಲ್ಲ. ಸದರಿ ಕಾಲದಲ್ಲಿ ನನಗೆ ಎಲ್ಲದರ ಭಯವಿತ್ತು.

ಊರಿನ ದಕ್ಷಿಣದ ಗುಡ್ಡವನ್ನು ಕುರಿ ಆಡುಗಳು ಬೋಳಾಗಿ ಮೇಯ್ದ ಕಾರಣ, ಕೆಲವು ವರ್ಷಗಳ ಹಿಂದೆ ಮಳೆಗೆ ಇಳಿಜಾರಿನ ಮಣ್ಣು ಜಾರಿ ಕೆಳಗಿನ ಬಾವಿಯೊಂದು ಹೂತುಹೋಗಿತ್ತು. ಆಮೇಲೆ ಅಲ್ಲಿ ಸಸಿ ನೆಟ್ಟು, ಮೇಯಿಸುವುದನ್ನು ನಿಷೇಧಿಸುವ ಜಾಹೀರುನಾಮೆಯನ್ನು ಪ್ರತಿವರ್ಷ ಹೊರಡಿಸಲಾಗುತ್ತಿತ್ತು. ಹಳೆಯದನ್ನು ನೋಡಿ ಹೊಸದನ್ನು ಬರೆಯುವುದು ನನ್ನ ಕೆಲಸ. ಅಂಚಿನ ಷರಾಗಳನ್ನು ನಕಲಿಸಕೂಡದೆಂದು ಹೆಡ್ ಕ್ಲಾರ್ಕರು ಕಲಿಸಿದ್ದರು, ನಾನು ನಕಲಿಸಲಿಲ್ಲ. ಅಂಚಿನಲ್ಲಿದ್ದದ್ದು ಒಂದೇ ಸಾಲು: ಗುಡ್ಡದ ಮೇಲಿನ ಹೊಂಡಕ್ಕೆ ಹೋಗುವ ಕಾಲುದಾರಿ ಮಾತ್ರ ಕುರಿಗಾರರಿಗೆ ತೆರೆದಿರತಕ್ಕದ್ದು.

ಜಾಹೀರುನಾಮೆ ಹಚ್ಚಿದ ಮೂರನೆಯ ದಿನ ಕುರಿಗಾರ ಮುದುಕಿಯೊಬ್ಬಳು ಕಚೇರಿಗೆ ಬಂದಳು. ಬೆಳಗಾವಿ ಕಡೆಯವಳು, ಕನ್ನಡ ಬಲ್ಲವನು ನಾನೊಬ್ಬನೇ ಆದ್ದರಿಂದ ಅವಳನ್ನು ನನ್ನೆದುರು ನಿಲ್ಲಿಸಿದರು.

"ಗಾರ್ಡ ದಾರಿ ಬಂದ್ ಮಾಡ್ಯಾನ್ರಿ ಸಾಹೇಬ್ರ. ಕೆಳಗ ಹನಿ ನೀರಿಲ್ಲ. ಎರಡು ಮರಿ ಸತ್ತೂವು. ವರ್ಸಾ ವರ್ಸಾ ಬಿಡ್ತಿದ್ರಿ, ಈಗೇನ್ ಪಾಪ ಮಾಡೇವ್ರಿ?"

"ನಾ ಸಾಹೇಬ ಅಲ್ಲವ್ವ, ಕಾರಕೂನ."

"ಹಂಗಾರ ಬರದಾಂವ ನೀನ ಅಲ್ಲೇನೋ?"

ಹಳೆಯ ಕಡತ ತೆಗೆದು ನೋಡಿದೆ. ಅಂಚಿನ ಆ ಸಾಲು ಅಲ್ಲಿತ್ತು, ನನ್ನ ನಕಲಿನಲ್ಲಿರಲಿಲ್ಲ. ನಮ್ಮ ಅರಣ್ಯಾಧಿಕಾರಿ ಸಾಹೇಬರು ಶಿರೂರಿನ ಕಡೆ ತಪಾಸಣೆಯ ಫಿರತಿಯಲ್ಲಿದ್ದರು. ಬರಲು ಇನ್ನೂ ನಾಲ್ಕು ದಿನ. ಹೆಡ್ ಕ್ಲಾರ್ಕರು "ಸಾಹೇಬ ಯೇಈಪರ್ಯಂತ ಗಪ್ಪ ಬಸಾ", ಸಾಹೇಬರು ಬರುವವರೆಗೆ ಸುಮ್ಮನೆ ಕೂತಿರಿ, ಎಂದು ಮರಾಠಿಯಲ್ಲಿ ಗದರಿದರು. ಅಷ್ಟು ದಿನ ಸುಮ್ಮನಿದ್ದರೆ ಹಿಂಡು ಉಳಿಯುತ್ತಿರಲಿಲ್ಲ. ದಾರಿ ತೆರೆದು ಸಸಿಗಳು ಹಾಳಾದರೆ ಗುಡ್ಡವೂ ನನ್ನ ನೌಕರಿಯೂ ಉಳಿಯುತ್ತಿರಲಿಲ್ಲ.

"ಆಡು ಸಸಿ ಕಂಡ್ರ ಬಿಡೂದಿಲ್ಲವ್ವ."

"ಬಾಯಿಗೆ ಕುಕ್ಕೆ ಕಟ್ತೀನಿ. ರಾಶಿ ತುಳಿಯೋ ಎತ್ತಿಗೆ ಕಟ್ಟೂದಿಲ್ಲೇನು? ಧಾರವಾಡದಾಂವ ಅಂತೀ, ಇಷ್ಟು ತಿಳೀದ?"

ಮರುದಿನ ಬೆಳಿಗ್ಗೆ, ತಪ್ಪು ನನ್ನದೆಂದು ಗಾರ್ಡನಿಗೆ ಬರೆದುಕೊಟ್ಟು, ಹಿಂಡಿನ ಮುಂದೆ ನಡೆದೆ. ಆಡುಗಳ ಬಾಯಿಗೆ ಹಗ್ಗದ ಕುಕ್ಕೆಗಳಿದ್ದವು. ಕುರಿಗಳನ್ನು ಮುದುಕಿ ಒಂದೇ ಸಾಲಿನಲ್ಲಿ ಹೊಡೆದುಕೊಂಡು ಬಂದಳು. ಹೊಂಡದ ಬಳಿ ಕುಕ್ಕೆ ಬಿಚ್ಚಿದ ಮೇಲೆ ಹಿಂಡು ನೀರಿಗೆ ಬಾಯಿ ಹಾಕಿದ ಸದ್ದು ಈಗಲೂ ಕಿವಿಯಲ್ಲಿದೆ. ಇಳಿದು ಬಂದಾಗ ಗುಡ್ಡದ ಬುಡದಲ್ಲಿ ಸಾಹೇಬರು ನಿಂತಿದ್ದರು. ಹಿಂದಿನ ದಿನವೇ ಯಾರೋ ತಂತಿ ಕೊಟ್ಟು ಸುದ್ದಿ ಮುಟ್ಟಿಸಿದ್ದರು, ಅವರು ರಾತ್ರಿಯೇ ಹೊರಟು ಬಂದಿದ್ದರು.

ಯಾರ ಅಪ್ಪಣೆಯೆಂದು ಕೇಳಿದರು. ಅಪ್ಪಣೆಯಿಲ್ಲವೆಂದೂ, ಷರಾ ಬಿಟ್ಟವನು ನಾನೇ ಎಂದೂ ತೊದಲಿದೆ. ಅವರು ದಾರಿಯ ಎರಡೂ ಬದಿಯ ಸಸಿಗಳನ್ನು ಒಂದೊಂದಾಗಿ ಬಗ್ಗಿ ನೋಡಿದರು. ಒಂದರ ಚಿಗುರು ಮುರಿದಿತ್ತು. ಅದನ್ನು ಬೆರಳಲ್ಲಿ ಹಿಡಿದುಕೊಂಡು, ಮಳೆ ಬರುವವರೆಗೆ ನೀವೇ ದಿನವೂ ಹಿಂಡಿನ ಮುಂದೆ ನಡೆಯತಕ್ಕದ್ದು, ಇನ್ನೊಂದು ಮುರಿದರೆ ಕಚೇರಿಗೆ ಬರುವ ಅಗತ್ಯವಿಲ್ಲ ಎಂದರು.

ಮುಂದಿನ ಪ್ರತಿ ಬೆಳಿಗ್ಗೆಯೂ ನಾನು ಆ ಗುಡ್ಡವನ್ನು ಹಿಮ್ಮುಖವಾಗಿ ಹತ್ತಿದೆ: ಬೆನ್ನು ದಾರಿಯ ಕಡೆಗೆ, ಕಣ್ಣು ಆಡುಗಳ ಬಾಯಿಯ ಕಡೆಗೆ.