ಶಟಲ್ಲಿನ ರೆಕ್ಕೆ, ವಾದಿಯ ನೀರು

"ಹೋದ ಸಲವೂ ಹೀಗೇ ಇತ್ತು, ಏನೂ ಆಗಲಿಲ್ಲ" ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಮಸ್ಕತ್ತಿಗೆ ಬಂದು ಮೂವತ್ತು ವರ್ಷವಾಗುತ್ತಾ ಬಂತು. ಇಲ್ಲಿಯ ಒಂದು ಇಂಡಿಯನ್ ಶಾಲೆಯಲ್ಲಿ ಫಿಸಿಕ್ಸ್ ಪಾಠ ಹೇಳುತ್ತಲೇ ತಲೆ ಬೆಳ್ಳಗಾಯಿತು. ಗುರುತ್ವಾಕರ್ಷಣೆ ಅರ್ಥ ಮಾಡಿಸಿದ್ದೇನೆ, ಬೆಳಕು ಬಾಗುವುದನ್ನು ಅರ್ಥ ಮಾಡಿಸಿದ್ದೇನೆ. ಈ ಒಂದು ಮಾತು ಎಷ್ಟು ಕೇಡಿನದು ಅನ್ನುವುದನ್ನು ಮಾತ್ರ ನನ್ನ ಮನೆಯವರಿಗೇ ಅರ್ಥ ಮಾಡಿಸಲಾಗಲಿಲ್ಲ.

ಇದು ನನ್ನ ತಲೆಗೆ ಹತ್ತಿದ್ದು ಎರಡು ಸಾವಿರದ ಮೂರನೇ ಇಸವಿಯ ಫೆಬ್ರವರಿಯಲ್ಲಿ. ಆಗ ಇಲ್ಲಿ ಗುರುವಾರ, ಶುಕ್ರವಾರ ರಜೆ; ಶನಿವಾರ ವಾರದ ಮೊದಲ ದಿನ. ಆ ಶನಿವಾರ ಅಮೆರಿಕದ ಸ್ಪೇಸ್ ಶಟಲ್ ಒಂದು ಭೂಮಿಗೆ ಇಳಿಯುವುದಿತ್ತು. ಒಳಗಿದ್ದ ಏಳು ಜನರಲ್ಲಿ ಒಬ್ಬಳು ನಮ್ಮ ದೇಶದಲ್ಲಿ ಹುಟ್ಟಿದ ಹೆಣ್ಣುಮಗಳು. ನನ್ನ ಒಂಬತ್ತನೇ ತರಗತಿಯ ಹುಡುಗಿಯರಿಗೆ ಅವಳೆಂದರೆ ಪ್ರಾಣ. ಪೇಪರಿನಲ್ಲಿ ಬಂದ ಅವಳ ಫೋಟೋ ಕತ್ತರಿಸಿ ಬೋರ್ಡಿನ ಪಕ್ಕ ಅಂಟಿಸಿದ್ದರು. ಇಳಿಯುವ ಹೊತ್ತನ್ನು ಇಲ್ಲಿಯ ಗಂಟೆಗೆ ಲೆಕ್ಕ ಹಾಕಿಕೊಟ್ಟು, ಎಲ್ಲರೂ ಟಿವಿ ನೋಡಿ ಬನ್ನಿ, ನಾಳೆ ಮಾತಾಡೋಣ ಅಂತ ಕಳಿಸಿದ್ದೆ.

ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನಲ್ಲಿ ನಾವೂ ಟಿವಿ ಮುಂದೆ ಕೂತೆವು. ಮಗಳು ಆಗ ಎರಡನೇ ಕ್ಲಾಸು. ನಮ್ಮನೆಯವರು ಖುರುಮ್‌ನ ಆಫೀಸಿನಿಂದ ಬಂದು ಟೈ ಕೂಡ ಬಿಚ್ಚಿರಲಿಲ್ಲ. ಸಂಜೆಯ ಮಗ್ರಿಬ್ ಬಾಂಗ್ ಆಗಿ ಸ್ವಲ್ಪ ಹೊತ್ತಾಗಿತ್ತು. ಶಟಲ್ಲಿನ ಜೊತೆ ಸಂಪರ್ಕ ತಪ್ಪಿದೆ ಅಂತ ಮೊದಲು ಹೇಳಿದರು. ಆಮೇಲೆ ಆ ದೃಶ್ಯ ತೋರಿಸಿದರು, ನೀಲಿ ಆಕಾಶದಲ್ಲಿ ಒಂದು ಬಿಳಿ ಗೆರೆ ಹೋಗುತ್ತಾ ಹೋಗುತ್ತಾ ನಾಲ್ಕಾಯಿತು, ಐದಾಯಿತು. ಮಗಳು "ಅಮ್ಮ, ಪಟಾಕಿನಾ?" ಅಂತ ಕೇಳಿದಳು. ಎದ್ದು ಹೋಗಿ ಅಡುಗೆಮನೆಯಲ್ಲಿ ನಿಂತುಕೊಂಡು ಅತ್ತೆ.

ಮಾರನೇ ದಿನ ಕ್ಲಾಸಿನಲ್ಲಿ ಒಬ್ಬಳು ಕೇಳಿದಳು, "ಮಿಸ್, ಹೀಗಾಗುತ್ತೆ ಅಂತ ಅವರಿಗೆ ಗೊತ್ತಿರಲಿಲ್ವಾ?" ಇಂಥದ್ದು ಯಾರಿಗಮ್ಮ ಮೊದಲೇ ಗೊತ್ತಾಗುತ್ತೆ, ಅಂದೆ. ಅವತ್ತು ನಾನು ನಿಜವಾಗಿಯೂ ಹಾಗೇ ನಂಬಿದ್ದೆ.

ಕೆಲವು ತಿಂಗಳಾದ ಮೇಲೆ ತನಿಖೆಯ ವರದಿ ಬಂತು. ಅದರ ಸುದ್ದಿ ಓದುತ್ತಾ ಓದುತ್ತಾ ನನ್ನ ದುಃಖವೆಲ್ಲ ಸಿಟ್ಟಾಯಿತು. ಶಟಲ್ ಮೇಲೇರುವಾಗಲೇ ಅದರ ದೊಡ್ಡ ಇಂಧನದ ಟ್ಯಾಂಕಿಗೆ ಹೊದಿಸಿದ್ದ ಫೋಮಿನ ಒಂದು ತುಂಡು ಕಿತ್ತು ಬಂದು ಎಡ ರೆಕ್ಕೆಗೆ ಬಡಿದಿತ್ತು. ಮೆತ್ತೆಯಂಥ ವಸ್ತು, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಆದರೆ ಆ ವೇಗದಲ್ಲಿ ಬಡಿದರೆ ಗುಂಡಿನೇಟು. ಬಡಿದದ್ದು ವಿಡಿಯೋದಲ್ಲೇ ಕಂಡಿತ್ತು. ಕೆಲವು ಎಂಜಿನಿಯರುಗಳು, ರೆಕ್ಕೆಗೆ ಏನಾಗಿದೆಯೋ ನೋಡೋಣ, ಆಕಾಶದಲ್ಲಿರುವಾಗಲೇ ಫೋಟೋ ತೆಗೆಸಿ ಅಂತ ಕೇಳಿಕೊಂಡಿದ್ದರು. ಮೇಲಧಿಕಾರಿಗಳು ಬೇಡ ಅಂದರು. ಯಾಕೆ? ಫೋಮ್ ಮೊದಲಿನಿಂದಲೂ ಬೀಳುತ್ತಲೇ ಇತ್ತು. ಪ್ರತಿ ಸಲವೂ ನೌಕೆ ಸುಖವಾಗಿ ಮನೆಗೆ ಬಂದಿತ್ತು. ಬೀಳಬಾರದ್ದು ಬಿದ್ದೂ ಬಿದ್ದೂ, ಬೀಳುವುದೇ ಮಾಮೂಲು ಅಂತಾಯಿತು. ಈ ಸಲ ರೆಕ್ಕೆಯಲ್ಲಿ ತೂತಾಗಿತ್ತು. ವಾಪಸ್ಸು ಬರುವಾಗ ಬೆಂಕಿಯಂಥ ಗಾಳಿ ಆ ತೂತಿನೊಳಗೆ ನುಗ್ಗಿತು.

ನನಗೆ ತಡೆಯಲಾಗದ ಇನ್ನೊಂದು ಸಂಗತಿಯೆಂದರೆ, ಇದು ಎರಡನೇ ಸಲ. ನಾನು ಮೈಸೂರಿನಲ್ಲಿ ಕಾಲೇಜು ಓದುವಾಗ ಇನ್ನೊಂದು ಶಟಲ್ ಹಾರಿದ ಸ್ವಲ್ಪ ಹೊತ್ತಿಗೇ ಸಿಡಿದು ಹೋಗಿತ್ತು. ಅಲ್ಲಿ ಒಂದು ರಬ್ಬರ್ ಉಂಗುರ. ಚಳಿಗೆ ಅದು ಬಿರುಸಾಗುತ್ತದೆ, ಇಂಥ ಚಳಿಯಲ್ಲಿ ಹಾರಿಸಬೇಡಿ ಅಂತ ಎಂಜಿನಿಯರುಗಳು ಹಿಂದಿನ ದಿನವೇ ಬಾಯಿ ಬಡಿದುಕೊಂಡಿದ್ದರು. ಆ ಉಂಗುರಗಳು ಹಿಂದೆಯೂ ಸುಟ್ಟಿದ್ದವು, ಆಗಲೂ ನೌಕೆ ವಾಪಸ್ಸು ಬಂದಿತ್ತು. ಮತ್ತೆ ಅದೇ ಮಾತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಇವರಿಗೆ ಕೆಟ್ಟ ಮೇಲೂ ಬುದ್ಧಿ ಬರಲಿಲ್ಲವಲ್ಲ!

ನಮ್ಮನೆಯವರಿಗೂ ಆಗ ಬಹಳ ಸಿಟ್ಟು ಬಂದಿತ್ತು. ಸೋಫಾ ಮೇಲೆ ಕೂತು, "ಒಂದು ಫೋಟೋ ತೆಗೆಸಿದ್ರೆ ಇವರ ಅಪ್ಪನ ಮನೆ ಗಂಟೇನು ಹೋಗ್ತಿತ್ತು? ಸ್ವಲ್ಪ ತಾಳ್ಮೆ ಬೇಡ್ವಾ ಮನುಷ್ಯರಿಗೆ?" ಅಂತ ಊಟ ಆರುವ ತನಕ ಬೈದರು. ನನ್ನ ಗಂಡ ಎಷ್ಟು ತಿಳಿದವರು ಅಂತ ನನಗೆ ಹೆಮ್ಮೆಯೂ ಆಯಿತು.

ಆ ಹೆಮ್ಮೆ ಚಳಿಗಾಲದವರೆಗೆ ಬಾಳಿತು. ಚಳಿಗಾಲದಲ್ಲಿ ಕನ್ನಡದವರೆಲ್ಲ ಸೇರಿ ಶುಕ್ರವಾರ ಪಿಕ್ನಿಕ್ ಹೋಗುವುದು ನಮ್ಮಲ್ಲಿ ರೂಢಿ. ನಾಲ್ಕೈದು ಕಾರು, ಸಾಲಾಗಿ. ಮುಂದೆ ಯಾವಾಗಲೂ ಹಾಜಿಯವರು. ಮಂಗಳೂರಿನ ಕಡೆಯ ಬ್ಯಾರಿಗಳು, ಮತ್ರಾದ ಹಳೇ ಪೇಟೆ ಸೂಕಿನಲ್ಲಿ ಅಂಗಡಿ, ನಮ್ಮೆಲ್ಲರಿಗಿಂತ ಹಳಬರು. ಹೊಸದಾಗಿ ಬಂದವರಿಗೆ ಮನೆ ಹುಡುಕಿ ಕೊಡುವುದರಿಂದ ಹಿಡಿದು ಹೆರಿಗೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವವರೆಗೆ ಎಲ್ಲದಕ್ಕೂ ಅವರೇ. ಅವರ ಮಾತಿಗೆ ಇಲ್ಲ ಅಂದವರನ್ನು ನಾನು ಕಂಡಿಲ್ಲ. ಅವರದು ದೊಡ್ಡ ಫೋರ್ ವೀಲ್ ಗಾಡಿ, ಜಾಗ ಜಾಸ್ತಿ. ಹಾಗಾಗಿ ಊಟದ ಪಾತ್ರೆಗಳೆಲ್ಲ ಅದರಲ್ಲೇ: ಅವರ ಮನೆಯ ಬಿರಿಯಾನಿ, ನಮ್ಮ ಬಿಸಿಬೇಳೆಬಾತ್, ಇನ್ನೊಬ್ಬರ ಮೊಸರನ್ನ.

ಆ ಚಳಿಗಾಲದ ಒಂದು ಶುಕ್ರವಾರ, ಹೋಗುವ ದಾರಿಗೆ ಅಡ್ಡವಾಗಿ ಒಂದು ವಾದಿ. ವಾದಿ ಅಂದರೆ ಇಲ್ಲಿಯ ಒಣ ಹೊಳೆ. ವರ್ಷವೆಲ್ಲ ಬರೀ ಕಲ್ಲು. ಬೆಟ್ಟದಲ್ಲಿ ಮಳೆ ಬಿದ್ದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ನೀರು. ಹಿಂದಿನ ದಿನ ಬೆಟ್ಟದಲ್ಲಿ ಮಳೆ ಬಂದಿತ್ತು. ರಸ್ತೆಯ ಮೇಲೆ ಕಂದು ನೀರು ಅಡ್ಡಡ್ಡ ಹರಿಯುತ್ತಿತ್ತು. ಅಂಚಿನಲ್ಲಿ ಬಿಳಿ-ಕೆಂಪು ಬಣ್ಣದ ಕಂಬ ಇರುತ್ತದಲ್ಲ, ನೀರು ಅದರ ಕೆಂಪು ಪಟ್ಟಿಯನ್ನು ಮುಟ್ಟಿತ್ತು. ಕೆಂಪು ಮುಟ್ಟಿದರೆ ದಾಟಬಾರದು ಅಂತಲೇ ಆ ಕಂಬ ನೆಟ್ಟಿರುವುದು.

ಹಾಜಿಯವರು ನಿಧಾನ ಕೂಡ ಮಾಡಲಿಲ್ಲ. ನಮ್ಮೆಲ್ಲರ ಊಟ ಅವರ ಜೊತೆ ಆ ಕಡೆಗೆ ಹೋಯಿತು. ಹಿಂದೆಯೇ ಎರಡನೆಯ ಗಾಡಿ, ಮೂರನೆಯದು. ಊಟ ಹೋದ ಕಡೆ ಜನ ಹೋಗದೆ ಇರುತ್ತಾರೆಯೇ? ಕೊನೆಗೆ ಈ ಕಡೆ ಉಳಿದದ್ದು ನಾವು ಮಾತ್ರ, ನಮ್ಮ ಪುಟ್ಟ ಕಾರಿನಲ್ಲಿ.

"ಬನ್ನಿ ಮಾರಾಯ್ರೆ, ಎಂಥದೂ ಇಲ್ಲ," ಅಂತ ಹಾಜಿಯವರು ಆ ಕಡೆಯಿಂದ ಕೂಗಿದರು. "ನಾನು ಎಷ್ಟು ಸಲ ದಾಟಿಲ್ಲ ಇಲ್ಲಿ!"

"ರೀ, ನಿಲ್ಲಿಸಿ," ಅಂದೆ. "ನೀರು ಬಾಗಿಲಿನ ತಳ ಮುಟ್ಟಿದ್ರೆ ಕಾರು ತೇಲೋಕೆ ಶುರುವಾಗುತ್ತೆ. ಕಾಯೋಣ, ಇಳಿಯುತ್ತೆ."

"ಎಲ್ಲರೂ ಹೋದ್ರಲ್ಲೇ."

"ಅವರು ಹೋದ್ರೆ ನಾವೂ ಹೋಗ್ಬೇಕಾ? ಮೊನ್ನೆ ಸೋಫಾ ಮೇಲೆ ಕೂತು ತಾಳ್ಮೆ ಬೇಡ್ವಾ ಅಂದಿರಲ್ಲ, ಎಲ್ಲಿ ಹೋಯ್ತು ಆ ತಾಳ್ಮೆ?"

"ಅದು ರಾಕೆಟ್ಟು. ಇದು ಕಾರು ಕಣೇ. ಹಾಜಿಯವರು ಕರೀತಿದ್ದಾರೆ, ಇಲ್ಲೇ ನಿಂತ್ರೆ ಅವರ ಮಾತು ನಂಬಲಿಲ್ಲ ಅಂದ್ಹಾಗೆ ಆಗಲ್ವಾ?"

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ನಾನು ಇಳಿದು ಹಿಂದಿನ ಬಾಗಿಲು ತೆಗೆದು ಮಗಳ ಕೈ ಹಿಡಿದು ಎಳೆದುಕೊಂಡೆ. ಅವರು ಒಂದು ಸಲ ನನ್ನ ಮುಖ ನೋಡಿದರು, ಒಂದು ಸಲ ಆ ಕಡೆಯ ಜನರನ್ನು ನೋಡಿದರು. ಆಮೇಲೆ ಒಬ್ಬರೇ ಹೊರಟರು. ನಡು ನೀರಿನಲ್ಲಿ ಕಾರು ಒಂದು ಗಳಿಗೆ ವಾಲಿದ ಹಾಗೆ ಕಂಡಿತು. ಅಷ್ಟರಲ್ಲಿ ಹತ್ತಿಕೊಂಡು ಹೋಗಿಬಿಟ್ಟಿತು. ಆ ಕಡೆ ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಶಿಳ್ಳೆಯನ್ನೂ ಹೊಡೆದರು.

ನಾನು ಮತ್ತು ಮಗಳು ಒಂದು ಮುಳ್ಳುಮರದ ಕೆಳಗೆ ಕೂತೆವು. ಅವಳ ಗೆಳತಿಯರೆಲ್ಲ ಆ ಕಡೆ ಚೆಂಡು ಆಡುತ್ತಿದ್ದರು. ಅವಳು ಅತ್ತೂ ಅತ್ತೂ ಮೂಗು ಕೆಂಪು ಮಾಡಿಕೊಂಡಳು. "ಅಪ್ಪ ಹೋದ್ರು, ಏನೂ ಆಗ್ಲಿಲ್ಲ. ನೀನೊಬ್ಳು ಹೀಗೆ," ಅಂದಳು. ಏಳು ವರ್ಷದ ಮಗುವಿಗೆ ಆಗದೇ ಇದ್ದದ್ದನ್ನು ತೋರಿಸುವುದು ಹೇಗೆ? ನನ್ನ ಹತ್ತಿರ ಇದ್ದದ್ದು ಒಂದು ಹೆದರಿಕೆ. ಅವರ ಹತ್ತಿರ ಒದ್ದೆಯಾದ, ಸುಖವಾಗಿ ದಡ ಸೇರಿದ ಕಾರು ಇತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಮಗು ಹಸಿದಿದೆ ಅಂತ ಹಾಜಿಯವರು ತಟ್ಟೆಯಲ್ಲಿ ಬಿಸಿಬೇಳೆಬಾತ್ ಹಾಕಿಕೊಂಡು, ಮೇಲೆ ಇನ್ನೊಂದು ತಟ್ಟೆ ಮುಚ್ಚಿಕೊಂಡು ಗಾಡಿಯಲ್ಲಿ ಮತ್ತೆ ಆ ನೀರು ದಾಟಿ ಬಂದರು. ಕೊಟ್ಟು ಮತ್ತೆ ದಾಟಿಕೊಂಡು ಹೋದರು. ನಾನು ಬೇಡ ಅಂದದ್ದರಿಂದ ಎರಡು ಸಲ ಹೆಚ್ಚಿಗೆ ದಾಟಿದ ಹಾಗಾಯಿತು. ಆ ಮನುಷ್ಯನ ಒಳ್ಳೆಯತನಕ್ಕೆ ಕೈ ಮುಗಿಯಬೇಕೋ, ತಲೆ ಚಚ್ಚಿಕೊಳ್ಳಬೇಕೋ ಗೊತ್ತಾಗಲಿಲ್ಲ. ಬಾತನ್ನು ನಾನು ಮುಟ್ಟಲಿಲ್ಲ. ಮಗಳು ಮಾತ್ರ ತಟ್ಟೆ ಬಳಿದು ತಿಂದಳು.

ಅಲ್ಲಿಂದ ಮುಂದೆ ಎಲ್ಲಿ ನಾಲ್ಕು ಜನ ಸೇರಿದರೂ ಇದೇ ಕಥೆ. ರಾಜ್ಯೋತ್ಸವಕ್ಕೆ ಹೋದರೂ, ಯಾರದೋ ಮಗುವಿನ ನಾಮಕರಣಕ್ಕೆ ಹೋದರೂ, "ಟೀಚರ್ ಬಂದ್ರು, ನೀರಿನ ಲೋಟ ದೂರ ಇಡಿ" ಅಂತ ನಗುತ್ತಿದ್ದರು. ನಾನೂ ನಗಬೇಕಾಗುತ್ತಿತ್ತು. ನಮ್ಮನೆಯವರಂತೂ, ನಾನು ಗ್ಯಾಸಿನ ಪೈಪು ಬದಲಾಯಿಸಿ ಅಂದರೂ ಸರಿ, ಟೈರು ಸವೆದಿದೆ ಅಂದರೂ ಸರಿ, "ಶುಭ ನುಡಿಯೋ ಸೋಮ ಅಂದ್ರೆ ಗೂಬೆ ಕಾಣ್ತಿದೆಯಲ್ಲೋ ಮಾಮ ಅಂದನಂತೆ" ಅಂತ ಗಾದೆ ಹೇಳಿ ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದರು. ಆ ಎಂಜಿನಿಯರುಗಳಿಗೂ ಹೀಗೇ ಆಗಿರಬೇಕು ಅಂತ ನನಗೆ ಅನ್ನಿಸುತ್ತದೆ. ಫೋಟೋ ತೆಗೆಸಿ ಅಂತ ಕೇಳಿದವನನ್ನು ಕ್ಯಾಂಟೀನಿನಲ್ಲಿ ಗೂಬೆ ಅಂತಲೇ ಕರೆದಿರುತ್ತಾರೆ.

ಪ್ರತಿ ವರ್ಷ ಮಕ್ಕಳಿಗೆ ಶಟಲ್ಲಿನ ಕಥೆ ಹೇಳುತ್ತೇನೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. "ಸೋ ಸ್ಟುಪಿಡ್, ಮಿಸ್!" ಅನ್ನುತ್ತಾರೆ. ಬೆಲ್ ಹೊಡೆದ ಮೇಲೆ ಗೇಟಿನ ಹೊರಗೆ ನಿಂತು ನೋಡಿ: ಅದೇ ಮಕ್ಕಳು ಅಪ್ಪನ ಕಾರಿನಲ್ಲಿ ಬೆಲ್ಟ್ ಹಾಕದೆ ಮುಂದಿನ ಸೀಟಿನಲ್ಲಿ ಕೂತುಕೊಂಡು ಹೋಗುತ್ತಿರುತ್ತಾರೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಈಗ ಮಗಳು ದೊಡ್ಡವಳಾಗಿದ್ದಾಳೆ. ಇಲ್ಲೇ ಮಸ್ಕತ್ತಿನಲ್ಲಿ ಕೆಲಸ, ಇಲ್ಲೇ ಸಂಸಾರ, ಮೂರು ವರ್ಷದ ಒಂದು ಹೆಣ್ಣುಮಗು. ಮೊನ್ನೆ ಒಂದು ಶುಕ್ರವಾರ ಮಗುವನ್ನು ಕರೆದುಕೊಂಡು ಗೆಳತಿಯರ ಜೊತೆ ಬೆಟ್ಟದ ಕಡೆ ಹೋಗಿದ್ದಳು. ಮಧ್ಯಾಹ್ನ ನಾವು ಊಟ ಮುಗಿಸಿ ಕೂತಿದ್ದಾಗ ಕಾರಿನಿಂದಲೇ ಫೋನು ಮಾಡಿದಳು. "ಅಮ್ಮಾ, ಬರೋದು ಸ್ವಲ್ಪ ಲೇಟಾಗುತ್ತೆ. ಇಲ್ಲಿ ವಾದಿಲಿ ನೀರು ಬಂದಿದೆ."

"ಅಲ್ಲೇ ಇರು. ಗಾಡಿ ಹಿಂದಕ್ಕೆ ತಗೊಂಡು ಎತ್ತರದಲ್ಲಿ ನಿಲ್ಲಿಸ್ಕೋ. ಎಷ್ಟು ಹೊತ್ತಾದ್ರೂ ಆಗ್ಲಿ."

"ಅಯ್ಯೋ ಅಮ್ಮ, ಮುಂದಿನವರು ದಾಟಿ ಆಯ್ತು. ನಂದು ಫೋರ್ ವೀಲ್. ಅಪ್ಪ ಆ ಡಬ್ಬಾ ಕಾರಲ್ಲೇ ದಾಟಿರಲಿಲ್ವಾ?"

ನಾನು ಫೋನನ್ನು ಸ್ಪೀಕರಿಗೆ ಹಾಕಿ ನಮ್ಮನೆಯವರ ಮುಂದೆ ಹಿಡಿದೆ. "ಹೇಳಿ. ನನ್ನ ಮಾತಂತೂ ಅವಳು ಕೇಳಲ್ಲ, ನೀವಾದ್ರೂ ಹೇಳಿ," ಅಂದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಪುಟ್ಟಿ, ದಾಟಬೇಡಮ್ಮ," ಅಂದರು. "ಅವತ್ತು ನಡುವಲ್ಲಿ ಸ್ಟೇರಿಂಗ್ ನನ್ನ ಕೈಲಿ ಇರಲಿಲ್ಲ. ಹಗುರವಾಗಿ ಸುಮ್ಮನೆ ತಿರುಗ್ತಿತ್ತು. ಚಕ್ರ ನೆಲ ಬಿಟ್ಟಿತ್ತು. ಹೇಗೋ ಒಂದು ಕಲ್ಲಿಗೆ ತಾಗಿ ನಿಂತುಕೊಳ್ತು, ಅಷ್ಟೇ. ನಾನು ದಾಟಿದ್ದಲ್ಲ ಅದು."

ನಾನು ಅವರ ಮುಖವನ್ನೇ ನೋಡಿದೆ. ಇಪ್ಪತ್ತು ವರ್ಷದ ಮೇಲಾಗಿದೆ. ಅಷ್ಟು ಪಾರ್ಟಿಗಳಲ್ಲಿ ನನ್ನನ್ನು ನೋಡಿ ನಗುವಾಗ, ಅಷ್ಟು ಸಲ ಗೂಬೆಯ ಗಾದೆ ಹೇಳುವಾಗ, ಈ ಮನುಷ್ಯನಿಗೆ ಇದು ಗೊತ್ತಿತ್ತು. ಒಂದು ಸಲ, ಒಂದೇ ಒಂದು ಸಲ, ಮಗಳ ಮುಂದೆ ಬಾಯಿ ಬಿಟ್ಟಿದ್ದರೆ ಸಾಕಿತ್ತು. ಸಿಟ್ಟಿಗೆ ಫೋನನ್ನು ಟೇಬಲ್ಲಿನ ಮೇಲೆ ಕುಕ್ಕಿದೆ.

ಆ ಕಡೆ ಮಗಳು ನಕ್ಕಳು. "ಅಪ್ಪ, ನೀವೂ ಅಮ್ಮನ ಥರ ಆಗ್ಬಿಟ್ರಿ. ದಾಟಿದ್ರಲ್ಲ, ಅಷ್ಟು ಸಾಕು. ಹಿಂದಿನವರು ಹಾರ್ನ್ ಮಾಡ್ತಿದ್ದಾರೆ, ಒಂದು ನಿಮಿಷ ಇರಿ."

"ಬೇಡ ಕಣೇ, ಮಗು ಇದೆ," ಅಂದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಫೋನಿನಲ್ಲಿ ಎಂಜಿನ್ನಿನ ಸದ್ದು ಜೋರಾಯಿತು. ಆಮೇಲೆ ನೀರಿನ ಸದ್ದು. ನಮ್ಮನೆಯವರು ನನ್ನ ಕೈ ಹಿಡಿದುಕೊಂಡರು. ನಾನು ಬಿಡಿಸಿಕೊಂಡೆ. ಅವರು ಮತ್ತೆ ಹಿಡಿದರು. ಇಬ್ಬರೂ ಟೇಬಲ್ಲಿನ ಮೇಲಿದ್ದ ಆ ಫೋನನ್ನೇ ನೋಡುತ್ತಾ ಕೂತೆವು.

ನೀರಿನ ಸದ್ದು ನಿಂತಿತು. ಮಗಳು ಏನೋ ಹೇಳಲು ಶುರು ಮಾಡಿದಳು, ಅಷ್ಟರಲ್ಲಿ ಹಿಂದಿನ ಸೀಟಿನಿಂದ ಮೊಮ್ಮಗಳು ಕೇಕೆ ಹಾಕುತ್ತಾ ಕೂಗುವುದು ಕೇಳಿಸಿತು: "ಅಗೇನ್, ಮಮ್ಮಾ, ಅಗೇನ್!"