ಎರಡನೆಯ ಸನ್ನೆ

ಲೇಕಲ್ ಹದಿನೈದು ವರ್ಷ ಬೇಸ್‌ಬಾಲ್ ಕ್ಯಾಚರ್ ಆಗಿ, ದಾಂಡಿಗನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿದು ಅನ್ನ ದುಡಿದವನು. ಮಂಡಿ ಎರಡೂ ಸವೆದಿದ್ದವು, ಬಲಗೈಯಲ್ಲಿ ನೆಟ್ಟಗಿನ ಬೆರಳೇ ಇರಲಿಲ್ಲ. ತೈತುಂಗಿನ ಕಡಲಂಚಿನ ಅವನೂರಿನ ಅಮಿಸ್ ಬುಡಕಟ್ಟಿನ ಜನಕ್ಕೆ ಆ ಸೊಟ್ಟ ಬೆರಳುಗಳೆಂದರೆ ಹೆಮ್ಮೆ. ಅವನಿಗೆ ಮಾತ್ರ ಯಾರಾದರೂ ಆ ಕೈ ಹಿಡಿದರೆ ಮೈ ಹಿಡಿಯಾಗುತ್ತಿತ್ತು.

ಕಾರಣ ಹನ್ನೊಂದು ವರ್ಷ ಹಳೆಯದು. ಚಾಂಪಿಯನ್ ಪಟ್ಟದ ಕೊನೆಯ ಆಟ. ಚೆಂಡೆಸೆಯುತ್ತಿದ್ದವನು ಅದೇ ಊರಿನ ಸೌಮಾ, ಲೇಕಲ್‌ಗಿಂತ ಒಂದು ಓರಗೆ ಕಿರಿಯ. ಅಲ್ಲಿ ಗಂಡಸರೆಲ್ಲ ವಯಸ್ಸಿನ ಪ್ರಕಾರ ಓರಗೆಗಳಾಗಿ ಹಂಚಿಹೋಗಿರುತ್ತಾರೆ; ಮೇಲಿನ ಓರಗೆಯವನಿಗೆ ಕೆಳಗಿನವನು ಸಾಯುವತನಕ ಎದುರಾಡುವಂತಿಲ್ಲ.

ಎದುರಾಳಿ ಓಡುತ್ತ ಎರಡನೇ ಬೇಸ್ ತಲುಪಿ ಎಸೆಗಾರನ ಬೆನ್ನಹಿಂದೆ ನಿಂತರೆ, ಯಾವ ಚೆಂಡು ಎಸೆಯಬೇಕೆಂದು ಕ್ಯಾಚರ್ ಮಾಡುವ ಬೆರಳ ಸನ್ನೆ ಅವನ ಕಣ್ಣಿಗೂ ಬೀಳುತ್ತದೆ. ಅಂದು ಎರಡನೇ, ಮೂರನೇ ಎರಡೂ ಬೇಸಿನಲ್ಲಿ ಎದುರಾಳಿಗಳಿದ್ದರು. ಅದಕ್ಕೇ ಲೇಕಲ್ ತಾನಾಗಿ ಎದ್ದುಹೋಗಿ ಸೌಮಾನ ಕಿವಿಯಲ್ಲಿ, “ಇನ್ಮೇಲೆ ಎರಡನೇ ಸನ್ನೇನೇ ನಿಜ ಕಣೋ, ಮೊದಲ್ನೇದು ಸುಳ್ಳು” ಎಂದು ಹೇಳಿ ಬಂದ. ಬಂದು ಕೂತವನೇ ಮರೆತ! ಹಳೇ ಚಾಳಿಯಂತೆ ಮೊದಲು ನೇರ ಚೆಂಡಿಗೆ ಒಂದು ಬೆರಳು ತೋರಿಸಿದ. ಆಮೇಲೆ ಬರೀ ಕಣ್ಕಟ್ಟಿಗೆಂದು ಎರಡು ಬೆರಳು, ಅಂದರೆ ಕೆಳಗೆ ಬೀಳುವ ಚೆಂಡು. ಸೌಮಾ ಹೇಳಿಸಿಕೊಂಡಂತೆ ಎರಡನೆಯದನ್ನೇ ಎಸೆದ. ಕೈಗವಸನ್ನು ಎದೆಮಟ್ಟಕ್ಕೆ ಹಿಡಿದು ಕೂತವನ ಕಾಲಸಂದಿಯಲ್ಲಿ ಚೆಂಡು ಮಣ್ಣಿಗೆ ಬಡಿದು ಹಿಂದಕ್ಕೋಡಿತು. ಮೂರನೇ ಬೇಸಿನ ಎದುರಾಳಿ ಓಡಿಬಂದು ಗೆಲುವಿನ ಓಟ ಗಳಿಸಿದ. ಪಟ್ಟ ಕೈತಪ್ಪಿತು.

“ಕೇಳಿದ ಕಡೆ ಚೆಂಡು ಬರ್ಲಿಲ್ಲ,” ಎಂದ ಲೇಕಲ್, ಪತ್ರಿಕೆಯವರೆದುರು.

ಪಕ್ಕದಲ್ಲಿದ್ದ ಸೌಮಾ ತಲೆ ತಗ್ಗಿಸಿ, “ಅಣ್ಣ ಹೇಳಿದ್ದೇ ಸರಿ” ಎಂದ. ಮರುವರ್ಷ ತಂಡದಲ್ಲಿ ಅವನ ಹೆಸರಿರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ! ಊರಿನ ಮಾನ ಕಳೆದವನನ್ನು ಸುಗ್ಗಿಹಬ್ಬದಲ್ಲಿ ಮೇಲಿನ ಓರಗೆಯವರೇ ನಿಲ್ಲಿಸಿ ಬಯ್ಯಬೇಕು. ಮೇಲಿನ ಓರಗೆಯವನು ಲೇಕಲ್ಲೇ. ಊರೆಲ್ಲ ನೋಡುತ್ತಿರಲು ಅವನು ತನ್ನ ತಪ್ಪಿಗೆ ಸೌಮಾನನ್ನು ಬೈದ, ಅದೂ ಗಂಟಲು ಹರಿಯುವಂತೆ. ಥೂ, ಅಷ್ಟು ಜೋರಾಗಿ ಬೈಯುವ ದರ್ದೇನಿತ್ತು? ಅಂದಿನಿಂದ ಸೌಮಾನಿಗೆ ‘ಮಣ್ಣುಚೆಂಡು’ ಎಂಬ ಅಡ್ಡಹೆಸರು ಬಿತ್ತು.

ಈ ವರ್ಷ ಲೇಕಲ್ ಆಟ ಬಿಟ್ಟು ಊರಿಗೆ ಬಂದ. ಹಬ್ಬದ ಬಯಲಲ್ಲಿ ಮುಖ್ಯಸ್ಥ ಕೂಲಾಸ್ ಅಜ್ಜ ಅವನನ್ನು ಮುಂದೆ ಕೂರಿಸಿ, “ಹುಡುಗರಿಗೆ ನಾಲ್ಕು ಬುದ್ಧಿಮಾತು ಹೇಳಪ್ಪ, ಊರ ಹೆಸರು ಉಳಿಸಿದೋನು ನೀನು” ಎಂದ.

ಅಷ್ಟರಲ್ಲಿ ಸೌಮಾ ಹಿರಿಯರಿಗೆ ಅಕ್ಕಿ ಹೆಂಡ ಬಗ್ಗಿಸುತ್ತ ಬಂದ; ಅದು ಕಿರಿಯರ ಕೆಲಸ. ಯಾರೋ ಕೂಗಿದರು: “ಲೋ ಮಣ್ಣುಚೆಂಡು, ಹುಷಾರು! ಅಣ್ಣನ ಬಟ್ಟಲು ಬಿಟ್ಟು ನೆಲಕ್ಕೆ ಹುಯ್ದೀಯ!”

ಊರು ಗೊಳ್ಳೆಂದಿತು. ಸೌಮಾನೂ ನಕ್ಕ. ಆ ನಗುವನ್ನು ಲೇಕಲ್‌ಗೆ ನೋಡಲಾಗಲಿಲ್ಲ.

“ನಗಬೇಡ್ರಿ. ಸನ್ನೆ ಮರೆತೋನು ನಾನು,” ಎಂದ. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ನಾಚಿಕೆಯಿಂದ ಅವನ ಕಿವಿಗಳು ಸುಡುತ್ತಿದ್ದವು. “ಸೌಮಾ, ಬೈಯೋ ನನ್ನ. ನಾನು ಬೈದಷ್ಟೂ ಬೈಯಿ.”

“ಕಿರಿಯೋನು ಹಿರಿಯೋನ್ನ ಬೈಯೋ ಪದ್ಧತಿ ನಮ್ಮಲ್ಲಿ ಎಲ್ಲಿದೆ ಅಣ್ಣ?” ಎಂದ ಸೌಮಾ. ಗಡಿಗೆಯನ್ನು ಸೊಂಟಕ್ಕಾನಿಸಿಕೊಂಡು, “ಅಣ್ಣ ಒಂದಿನ ನಿಜ ಹೇಳ್ತಾನೆ ಅಂತ ನಾನೇನೋ ಕಾದೆ. ಅವ್ವ ಕಾಯ್ಲಿಲ್ಲ. ಮಗ ಊರ ಮಾನ ಕಳೆದ ಅಂದ್ಕೊಂಡೇ ಹೋದ್ಲು” ಎಂದ.

ಕೂಲಾಸ್ ಅಜ್ಜ ಎದ್ದು ಬಂದ. ಸೌಮಾನ ಕೈಯ ಬಟ್ಟಲು, ಹೆಂಡದ ಗಡಿಗೆ ಎರಡನ್ನೂ ಕಸಿದು ಲೇಕಲ್ ಮುಂದಿಟ್ಟು, “ಇವತ್ತು ನೀನು ಬಗ್ಗಿಸು,” ಎಂದ. “ಇವನಿಂದಲೇ ಶುರು ಮಾಡು.”

ಲೇಕಲ್ ಸವೆದ ಮಂಡಿಯ ಮೇಲೆ ಸೌಮಾನೆದುರು ಕುಕ್ಕರಿಸಿ, ಸೊಟ್ಟ ಬೆರಳುಗಳಲ್ಲಿ ಬಟ್ಟಲು ಎತ್ತಿ ಹಿಡಿದ. ಸೌಮಾ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಒಂದೇ ಗುಟುಕಿಗೆ ಕುಡಿದ. ಊರು ಹೋ ಎಂದು ಚಪ್ಪಾಳೆ ತಟ್ಟಿತು, ಎಲ್ಲ ಸರಿಹೋಯಿತೆಂದು.

ಲೇಕಲ್ ತಲೆಯೆತ್ತಲಿಲ್ಲ. ಹಿರಿಯನು ಕೊಟ್ಟ ಬಟ್ಟಲನ್ನು ಕಿರಿಯನು ಬೇಡವೆನ್ನುವಂತಿಲ್ಲ ಎಂಬುದು ಅವನಿಗೆ ಗೊತ್ತಿತ್ತು.